ಶ್ರಾವಣದ ಓದು ಮತ್ತು ಅಕ್ಕನ ರೇಷ್ಮೆಹುಳು

ಶ್ರಾವಣ ಮಾಸವು ಶ್ರವಣದ ಮಾಸವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೊರಗೆ ಸೋನೆಮಳೆ ಹಿಡಿದಿರುವಾಗ ಮಠಗಳ ಸಭಾಮಂಟಪಗಳಲ್ಲಿ, ಊರ ಗುಡಿಗಳ ಅಂಗಳಗಳಲ್ಲಿ ಒಂದು ತಿಂಗಳ ಕಾಲ ಪುರಾಣ ಪ್ರವಚನಗಳು ನಡೆಯುತ್ತವೆ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವೋ, ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯೋ ಭಕ್ತಸಮೂಹದ ಮುಂದೆ ವಾಚನಗೊಳ್ಳುತ್ತದೆ. ಕೊನೆಯ ದಿನ ಪುರಾಣ ಮಂಗಲವಾಗುತ್ತದೆ, ಗ್ರಂಥಕ್ಕೆ ಪೂಜೆ ಸಲ್ಲುತ್ತದೆ, ದಾಸೋಹ ನಡೆಯುತ್ತದೆ. ಅನಂತರ ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿ ಒಳಗಿಟ್ಟರೆ ಅದು ಮತ್ತೆ ಹೊರಬರುವುದು ಮುಂದಿನ ಶ್ರಾವಣಕ್ಕೆ.

ಈ ಸಂಪ್ರದಾಯವು ಪೂಜ್ಯವಾದುದು. ಅಕ್ಷರ ಬಾರದವರಿಗೂ ಶರಣರ ಚರಿತ್ರೆ ತಲಪಿದ್ದು ಈ ಮಾರ್ಗದಿಂದಲೇ. ಆದರೆ ಇಂದು ಬಹುತೇಕ ಭಕ್ತರು ಅಕ್ಷರಸ್ಥರು. ಕೇಳುವವನಿಗೆ ಪ್ರವಚನಕಾರರು ಅರ್ಥವನ್ನು ಬಿಡಿಸಿ ಕೊಡುತ್ತಾರೆ. ಓದುವವನು ಅದನ್ನು ತಾನೇ ಬಿಡಿಸಿಕೊಳ್ಳಬೇಕು. ಆದಕಾರಣ ಶ್ರಾವಣದ ಸಂಜೆ ಶ್ರವಣಕ್ಕೆ ಮೀಸಲಾದರೆ, ಬೆಳಗಿನ ಒಂದು ಗಳಿಗೆಯಾದರೂ ಸ್ವಂತ ಓದಿಗೆ ಮೀಸಲಾಗಬೇಕು. ಆಗ ಒಂದು ಪ್ರಶ್ನೆ ಏಳುತ್ತದೆ. ಭಕ್ತನಾದವನು ಏನನ್ನು ಓದಬೇಕು? ತನ್ನ ಧರ್ಮಗ್ರಂಥಗಳಷ್ಟೇ ಸಾಕೇ? ತನ್ನ ನಂಬಿಕೆಗೆ ಒಗ್ಗದ ಪುಸ್ತಕವನ್ನು ವ್ರತದ ತಿಂಗಳಲ್ಲಿ ಕೈಯಲ್ಲಿ ಹಿಡಿಯಬಹುದೇ?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ನೆಲದ ಮೇಲೆ ನಿಲ್ಲಿಸಿ ನೋಡುವುದು ಲೇಸು. ಚಿಕ್ಕಬಳ್ಳಾಪುರದ ಬಳಿ, ಕಳವಾರ ಬೆಟ್ಟವೆಂದೂ ಹೆಸರಾದ ಸ್ಕಂದಗಿರಿ ಇದೆ. ತಪ್ಪಲಿನಲ್ಲಿ ಪಾಪಾಗ್ನಿ ಮಠ, ನೆತ್ತಿಯಲ್ಲಿ ಪಾಳುಬಿದ್ದ ಕೋಟೆ. ಮುಂಜಾನೆ ಮೋಡದ ಸಮುದ್ರವನ್ನು ನೋಡಲೆಂದು ದೂರದೂರುಗಳ ಯುವಕರು ಇಲ್ಲಿಗೆ ಬಂದು ಬೆಟ್ಟವೇರುತ್ತಾರೆ. ಕೆಲವು ಗಳಿಗೆ ನಿಂತು, ಚಿತ್ರ ತೆಗೆದುಕೊಂಡು ಇಳಿದುಹೋಗುತ್ತಾರೆ. ಆ ಮೋಡ ಚದುರಿದ ಮೇಲೆ ಕಾಣುವ ಸೀಮೆಯ ಕಡೆಗೆ ಗಮನ ಕೊಡುವವರು ಕಡಿಮೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸಣ್ಣ ಹಳ್ಳಿಗಳಲ್ಲಿ ಹುಟ್ಟಿದವರು ನಾಡಿಗೆ ದೊಡ್ಡ ಪುಸ್ತಕಗಳನ್ನು ಕೊಟ್ಟಿದ್ದಾರೆ. ಇಲ್ಲಿನ ಒಬ್ಬ ಭಕ್ತನು ಒಂದು ಶ್ರಾವಣದಲ್ಲಿ ತನ್ನ ನೆರೆಯ ಊರುಗಳವರ ಪುಸ್ತಕಗಳನ್ನೇ ಓದಲು ಸಂಕಲ್ಪಿಸಿದನೆಂದು ಭಾವಿಸಬಹುದು. ಅವನ ಕೈಗೆ ಬರುವ ಪುಸ್ತಕಗಳು ಒಂದೇ ಬಗೆಯವಲ್ಲ; ಕೆಲವು ಒಂದಕ್ಕೊಂದು ವಿರೋಧವಾಗಿಯೂ ಇವೆ.

ಓದಿನ ಕ್ರಮವನ್ನು ಅವನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಂದಲೇ ಕಲಿಯಬಹುದು. ಮೊಟ್ಟೆಯೊಡೆದ ರೇಷ್ಮೆಹುಳು ಗೂಡು ಕಟ್ಟುವ ಹೊತ್ತಿಗೆ ಸುಮಾರು ಇಪ್ಪತ್ತೈದರಿಂದ ಇಪ್ಪತ್ತೆಂಟು ದಿನ ಕಳೆದಿರುತ್ತದೆ. ಈ ಒಂದು ತಿಂಗಳೊಳಗೆ ಹುಳು ಐದು ಹಂತಗಳನ್ನು ದಾಟುತ್ತದೆ. ಎರಡು ಹಂತಗಳ ನಡುವೆ ಒಂದರಂತೆ ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ. ಜ್ವರವೆಂದರೆ ರೋಗವಲ್ಲ, ಪೊರೆ ಕಳಚುವ ಕಾಲ. ಆಗ ಹುಳು ಸೊಪ್ಪನ್ನು ಮುಟ್ಟುವುದಿಲ್ಲ. ತಲೆಯೆತ್ತಿ ಅಲುಗಾಡದೆ ಕೂತಿರುತ್ತದೆ. ಅನುಭವಸ್ಥ ಬೆಳೆಗಾರನು ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ. ಓದುವವನಿಗೂ ಇದೇ ನಿಯಮ. ಒಂದು ಪುಸ್ತಕ ಮುಗಿದೊಡನೆ ಮತ್ತೊಂದನ್ನು ತೆರೆಯದೆ, ಓದಿದ್ದರಿಂದ ತನ್ನಲ್ಲಿ ಕಳಚಬೇಕಾದುದೇನು ಎಂದು ಒಂದೆರಡು ದಿನ ಸುಮ್ಮನೆ ಕೂರಬೇಕು. ತಿಂಗಳಿಗೆ ಎಷ್ಟು ಪುಸ್ತಕ ಮುಗಿದವು ಎಂಬ ಲೆಕ್ಕಕ್ಕಿಂತ ಎಷ್ಟು ಪೊರೆ ಕಳಚಿದವು ಎಂಬ ಲೆಕ್ಕ ದೊಡ್ಡದು.

ಮೊದಲನೆಯ ಪುಸ್ತಕ ‘ಅಲ್ಲಮನ ವಚನ ಚಂದ್ರಿಕೆ’. ಇದನ್ನು ಸಂಪಾದಿಸಿದ ಡಾ. ಎಲ್. ಬಸವರಾಜು ಅವರು 1919ರಲ್ಲಿ ಗೌರಿಬಿದನೂರು ತಾಲ್ಲೂಕಿನ ಇಡಗೂರಿನಲ್ಲಿ ಜನಿಸಿದರು. ಮೈಸೂರಿನಲ್ಲಿ ನೆಲೆಸಿ, ಅಲ್ಲಿಯೇ 2012ರ ಜನವರಿಯಲ್ಲಿ ಲಿಂಗೈಕ್ಯರಾದರು. ವಚನ ಸಾಹಿತ್ಯದ ಶಾಸ್ತ್ರೀಯ ಸಂಪಾದನೆಯಲ್ಲಿ ಅವರದು ಮುಂಚೂಣಿಯ ಹೆಸರು. 1960ರಲ್ಲಿ ಬಂದ ಈ ಗ್ರಂಥದ ಮಹತ್ವ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸುವ ಮುನ್ನ ವಚನಗಳ ತಾಡೋಲೆ ಕಟ್ಟುಗಳು ಅನೇಕ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದವು, ಓದಿಗೆ ದೊರೆಯುತ್ತಿರಲಿಲ್ಲ. ಹಳಕಟ್ಟಿಯವರು ಕಟ್ಟನ್ನು ಬಿಚ್ಚಿದರು. ಬಸವರಾಜು ಅವರಂತಹ ಮುಂದಿನ ತಲೆಮಾರಿನ ವಿದ್ವಾಂಸರು ಬಿಚ್ಚಿದ ಓಲೆಗಳ ಪಾಠವನ್ನು ಪರಿಷ್ಕರಿಸುವ ಹೊಣೆ ಹೊತ್ತರು.

ಪುಸ್ತಕದ ಬಗ್ಗೆ ಇರುವ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಇದು ಪಾರಾಯಣಕ್ಕೆ ಒಗ್ಗುವ ಗ್ರಂಥವಲ್ಲ. ಬಸವಣ್ಣನವರ ವಚನ ಮೊದಲ ಓದಿಗೇ ಎದೆಯನ್ನು ತಟ್ಟುತ್ತದೆ. ಅಲ್ಲಮಪ್ರಭುವಿನ ಬೆಡಗಿನ ವಚನ ಮೂರನೆಯ ಓದಿಗೂ ಬಾಗಿಲು ತೆರೆಯದೆ ಇರಬಹುದು. ದಿನಕ್ಕೆ ಎರಡು ವಚನಗಳಿಗಿಂತ ಹೆಚ್ಚು ಓದಿದರೆ ಓದಿದಂತಾಗುವುದಿಲ್ಲ. ಒಂದು ವಾರದಲ್ಲಿ ಇಡೀ ಗ್ರಂಥ ಮುಗಿಯಲಾರದು, ಮುಗಿಸಬೇಕಾಗಿಯೂ ಇಲ್ಲ. ಸಾಂತ್ವನ ಬಯಸಿ ಬಂದವನನ್ನು ಈ ಗ್ರಂಥ ಬರಿಗೈಯಲ್ಲಿ ಕಳಿಸುವುದೂ ಉಂಟು. ಆದರೆ ತನಗೆ ಎಲ್ಲವೂ ತಿಳಿದಿದೆ ಎಂಬ ಭಕ್ತನ ಮೊದಲ ಪೊರೆ ಕಳಚಲು ಇದಕ್ಕಿಂತ ತಕ್ಕ ಪುಸ್ತಕವಿಲ್ಲ. ಶಿಡ್ಲಘಟ್ಟದ ಕಡೆ ಚಂದ್ರಿಕೆಯೆಂದರೆ ಬೆಳದಿಂಗಳಲ್ಲ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಈ ಗ್ರಂಥಕ್ಕೆ ಆ ಅರ್ಥವೂ ಸಲ್ಲುತ್ತದೆ. ಓದುಗನು ನೂಲಬೇಕಾದ ನೂಲನ್ನು ಅದು ತಾನು ನೂಲಿಕೊಡುವುದಿಲ್ಲ. ನೂಲುವುದಕ್ಕೆ ಜಾಗವನ್ನು ಮಾತ್ರ ಕೊಡುತ್ತದೆ.

ಎರಡನೆಯ ಪುಸ್ತಕವೂ ಅದೇ ತಾಲ್ಲೂಕಿನವರದು, ಆದರೆ ಅದರ ದಿಕ್ಕು ಬೇರೆ. ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’. ಬಡತನದ ಮನೆಯ ಈ ಬಾಲಕ 1935ರಲ್ಲಿ ಪ್ರೌಢಶಾಲೆಯ ಓದಿಗಾಗಿ ಹುಟ್ಟೂರಿನಿಂದ ಬೆಂಗಳೂರಿಗೆ ಎರಡು ದಿನ ನಡೆದುಕೊಂಡೇ ಹೋದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಕೆಲಸ ಮಾಡಿದರು. ಅವಿವಾಹಿತರಾಗಿಯೇ ಉಳಿದು, ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಬಾಳಿ 2005ರಲ್ಲಿ ನಿಧನರಾದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದ ಸಮಿತಿಯೊಂದನ್ನು ರಚಿಸಿದವರು ಅವರೇ.

ಶ್ರಾವಣದಲ್ಲಿ ಈ ಪುಸ್ತಕವನ್ನು ಹಿಡಿದ ಭಕ್ತನಿಗೆ ಇರಿಸುಮುರಿಸಾಗುವುದು ಸಹಜ. ಸಂಜೆ ಅವನು ಕೇಳುವ ಪುರಾಣದಲ್ಲಿ ಪವಾಡಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಬೆಳಿಗ್ಗೆ ಓದುವ ಪುಸ್ತಕ ಪವಾಡಕ್ಕೆ ಸಾಕ್ಷ್ಯ ಕೇಳುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟುಬಿಡುವುದು ಸುಲಭದ ದಾರಿ. ಆದರೆ ಪುರಾಣಕ್ಕಿಂತ ಹಿಂದಿನ ವಚನಗಳಿಗೆ ಹೋದರೆ ಬೇರೆಯದೇ ನೋಟ ದೊರೆಯುತ್ತದೆ. ಮುಹೂರ್ತ, ಶಕುನ, ಕಲ್ಲುದೇವರ ಕುರಿತ ಭಯ, ಹುಟ್ಟಿನಿಂದ ಬರುವ ಹಿರಿಮೆ ಇವೆಲ್ಲವನ್ನೂ ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿದ್ದರು. ಪ್ರಶ್ನೆ ಕೇಳುವುದು ಶರಣಮಾರ್ಗಕ್ಕೆ ಹೊರಗಿನದಲ್ಲ. ಹೊಸೂರಿನ ವಿಜ್ಞಾನಿಯ ಪ್ರಶ್ನೆಗಳಿಗೆ ಭಕ್ತನು ಬೆದರಬೇಕಾಗಿಲ್ಲ. ತನ್ನ ಹಿರಿಯರು ಕೇಳಿದ ಪ್ರಶ್ನೆಗಳನ್ನು ತಾನು ಕೇಳುವುದನ್ನು ಯಾವಾಗ ಬಿಟ್ಟೆನೆಂದು ಯೋಚಿಸಬೇಕಾಗಿದೆ.

ಹಾಗೆಂದು ಪುಸ್ತಕದ ಮಿತಿಯನ್ನು ಹೇಳದೆ ಬಿಡುವುದೂ ಸರಿಯಲ್ಲ. ಪವಾಡ ಸುಳ್ಳೆಂದು ಸಾಧಿಸಿದ ಮಾತ್ರಕ್ಕೆ ಭಕ್ತಿಯ ವಿಚಾರ ಮುಗಿಯುವುದಿಲ್ಲ. ಶರಣರ ಪ್ರಶ್ನೆ ಭಕ್ತಿಯ ಒಳಗಿನಿಂದ ಹುಟ್ಟಿತು; ಈ ವಿಚಾರವಾದವು ಭಕ್ತಿಯನ್ನು ಹೊರಗೆ ನಿಂತು ಅಳೆಯುತ್ತದೆ. ಒಳಗಿದ್ದವನಿಗೆ ತಿಳಿಯುವ ಕೆಲವು ಸಂಗತಿಗಳು ಹೊರಗಿನ ಅಳತೆಗೋಲಿಗೆ ದಕ್ಕುವುದಿಲ್ಲ. ಆದರೂ ದೇವರ ಹೆಸರು ಹೇಳದೆ ಒಂದು ಕೋಣೆಯಲ್ಲಿ ಬಾಳಿ, ದುಡಿದುದನ್ನು ವಿದ್ಯಾರ್ಥಿಗಳಿಗೆ ಸಲ್ಲಿಸಿದ ಬದುಕಿನ ಮುಂದೆ, ದಿನಕ್ಕೆ ಮೂರು ಬಾರಿ ದೇವರ ಹೆಸರು ಹೇಳಿ ಸಂಗ್ರಹಿಸುತ್ತಲೇ ಹೋಗುವ ಬದುಕು ತಲೆ ತಗ್ಗಿಸಬೇಕಾಗುತ್ತದೆ. ಕಾಯಕ ಮತ್ತು ದಾಸೋಹ ಎಂಬ ಶಬ್ದಗಳನ್ನು ಬಳಸದವನಲ್ಲಿಯೂ ಅವುಗಳ ಅರ್ಥ ನೆಲೆಸಿರಬಹುದು. ಎರಡನೆಯ ಜ್ವರದಲ್ಲಿ ಕಳಚಬೇಕಾದ ಪೊರೆ ಇದು.

ಮೂರನೆಯ ಪುಸ್ತಕ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರದು. ತಮ್ಮ ವೃತ್ತಿಜೀವನದ ನೆನಪುಗಳನ್ನು ಅವರು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, ಏಡನ್ನಿನ ನೀರು ಸರಬರಾಜು, 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ರೂಪಿಸಿದ ರಕ್ಷಣಾ ಯೋಜನೆ, ಕನ್ನಂಬಾಡಿ ಕಟ್ಟೆ, 1912ರಿಂದ 1918ರವರೆಗಿನ ದಿವಾನಗಿರಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹೀಗೆ ಒಂದು ಜೀವಮಾನದ ದುಡಿಮೆ ಅಲ್ಲಿದೆ.

ಪುಸ್ತಕವಾಗಿ ಇದು ಒಣಗಿದ ಬರವಣಿಗೆ. ಕಥೆ ಬಯಸುವವನಿಗೆ ಇದು ಸರ್ಕಾರಿ ವರದಿಯಂತೆ ಕಾಣಬಹುದು. ಮನೆ, ಬಂಧುಬಳಗ, ಅಂತರಂಗದ ಸುಖದುಃಖಗಳಿಗೆ ಇಲ್ಲಿ ಜಾಗ ಬಹಳ ಕಡಿಮೆ. ಆದರೆ ಈ ಕೊರತೆಯಲ್ಲಿಯೇ ಒಂದು ಗುಣವೂ ಅಡಗಿದೆ. ಬರೆದವರು ತಮ್ಮನ್ನು ಮುಂದಿಟ್ಟುಕೊಂಡು ಕೆಲಸವನ್ನು ಹಿಂದಿಡುವುದಿಲ್ಲ. ಮಾಡಿದ ಕೆಲಸವೇ ಬದುಕಿನ ವೃತ್ತಾಂತವೆಂದು ಭಾವಿಸುವ ಈ ಮನೋಧರ್ಮವನ್ನು ಕಾಯಕತತ್ತ್ವ ಬಲ್ಲ ಓದುಗನು ಕೂಡಲೇ ಗುರುತಿಸುತ್ತಾನೆ.

ಆದರೆ ಗೌರವವು ಕಣ್ಣು ಮುಚ್ಚಿಸಬಾರದು. ಈ ನೆನಪುಗಳನ್ನು ಓದುವವನು ಮೈಸೂರು ಸಂಸ್ಥಾನದ ಆ ಕಾಲದ ಇತಿಹಾಸವನ್ನೂ ಜೊತೆಗಿಟ್ಟುಕೊಳ್ಳಬೇಕು. ಸರ್ಕಾರಿ ಹುದ್ದೆಗಳು ಕೆಲವೇ ಸಮುದಾಯದವರ ಕೈಯಲ್ಲಿದ್ದ ಆ ದಿನಗಳಲ್ಲಿ ಲಿಂಗಾಯತರೂ ಒಕ್ಕಲಿಗರೂ ಇತರ ಹಿಂದುಳಿದ ವರ್ಗದವರೂ ತಮ್ಮ ಪಾಲನ್ನು ಕೇಳಿದರು. 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಜಾತಿಯ ಆಧಾರದ ಮೇಲೆ ಹುದ್ದೆಗಳನ್ನು ಮೀಸಲಿಡುವುದು ದಕ್ಷತೆಗೆ ಧಕ್ಕೆಯೆಂಬುದು ದಿವಾನರ ನಿಲುವು. ಈ ಭಿನ್ನಾಭಿಪ್ರಾಯವಿದ್ದಂತೆಯೇ ಆ ವರ್ಷದ ಕೊನೆಗೆ ಅವರು ಪದವಿಯನ್ನು ತ್ಯಜಿಸಿದರು. ಮೈಸೂರು ವಿಶ್ವವಿದ್ಯಾಲಯವನ್ನು 1916ರಲ್ಲಿ ಸ್ಥಾಪಿಸುವಲ್ಲಿ ಮುಂದಾಳಾಗಿದ್ದ, ಶಾಲೆಗಳನ್ನು ವಿಸ್ತರಿಸಿದ ದಿವಾನರೇ ಈ ನಿಲುವನ್ನೂ ತಳೆದರು. ಅವರ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಆದರೆ ದಕ್ಷತೆಯೆಂಬುದು ಅವಕಾಶ ದೊರೆತ ಮೇಲೆ ಬೆಳೆಯುವ ಗುಣವೆಂಬ ಮಾತಿಗೆ ಅಲ್ಲಿ ಸಾಕಷ್ಟು ತೂಕ ದೊರೆಯಲಿಲ್ಲ. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಹಳ್ಳಿಯ ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಮೇಲೆ ಆ ಮಕ್ಕಳಲ್ಲಿ ಎಂಜಿನಿಯರುಗಳೂ ವಿದ್ವಾಂಸರೂ ಮೂಡಿಬಂದದ್ದು ಇದಕ್ಕೆ ಸಾಕ್ಷಿ. ಹಿರಿಯರನ್ನು ಪೂಜಿಸುತ್ತಲೇ ಅವರ ಒಂದು ನಿಲುವನ್ನು ಒಪ್ಪದೆ ಇರಬಹುದೆಂಬುದು ಮೂರನೆಯ ಪಾಠ. ಇದೇ ನ್ಯಾಯವನ್ನು ತನ್ನ ಸಮುದಾಯಕ್ಕೂ ಅನ್ವಯಿಸಿಕೊಂಡಾಗಲೇ ಓದು ಪೂರ್ಣವಾಗುತ್ತದೆ. ಅಂದು ಬಾಗಿಲ ಹೊರಗೆ ನಿಂತು ಪಾಲು ಕೇಳಿದವರು ಇಂದು ಬಾಗಿಲ ಒಳಗಿದ್ದಾರೆ. ಇನ್ನೂ ಹೊರಗೆ ನಿಂತವರ ಮಾತನ್ನು ಅವರು ಹೇಗೆ ಕೇಳಿಸಿಕೊಳ್ಳುತ್ತಿದ್ದಾರೆ?

ನಾಲ್ಕನೆಯ ಓದು ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣ ತಾತಯ್ಯನವರದು. 1726ರಲ್ಲಿ ಹುಟ್ಟಿ 1836ರವರೆಗೆ, ನೂರಹತ್ತು ವರ್ಷ ಬಾಳಿದರೆಂದು ಸಂಪ್ರದಾಯ ನಂಬುವ ಈ ಯೋಗಿ ಬಳೆ ಮಾರಿ ಜೀವಿಸುತ್ತಿದ್ದವರು. ತೆಲುಗು ಕನ್ನಡಗಳೆರಡರಲ್ಲಿಯೂ ಅವರ ಕೀರ್ತನೆ, ತತ್ತ್ವಪದಗಳಿವೆ. ಕೈವಾರದ ಅಮರನಾರಾಯಣನ ಭಕ್ತರಾದ ಅವರ ಕೃತಿಗಳನ್ನು ಶ್ರಾವಣದ ವ್ರತದಲ್ಲಿ ಓದುವುದೇಕೆಂದು ಕೇಳುವವರು ಇರಬಹುದು. ಅದಕ್ಕೆ ಪುರಾಣವೇ ಉತ್ತರ ಕೊಡುತ್ತದೆ. ಶ್ರಾವಣದಲ್ಲಿ ಭಕ್ತರು ಕೇಳುವ ಭೀಮಕವಿಯ ಬಸವಪುರಾಣದ ಮೂಲ ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯ. ಭೀಮಕವಿಯು ನೆರೆಯ ಭಾಷೆಯ ಪುಸ್ತಕವನ್ನು ಓದದೆ ಇದ್ದಿದ್ದರೆ ಕನ್ನಡದಲ್ಲಿ ಆ ಪುರಾಣವೇ ಇರುತ್ತಿರಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳು ಹಲವಿರುವ ಈ ಗಡಿಸೀಮೆಯ ಓದುಗನಿಗೆ ಇದು ಹೊಸ ವಿಷಯವಾಗಲಾರದು.

ತಾತಯ್ಯನವರ ಹೆಸರು ಹೇಳಿದೊಡನೆ ಜನ ನೆನೆಯುವುದು ‘ಕಾಲಜ್ಞಾನ’ವನ್ನು. ಯಾವುದೋ ಅನಾಹುತ ನಡೆದ ಮರುದಿನ, ಇದನ್ನು ತಾತಯ್ಯನವರು ಮೊದಲೇ ಹೇಳಿದ್ದರೆಂದು ಸಾಲುಗಳನ್ನು ಹುಡುಕುವ ಉತ್ಸಾಹ ಕಾಣುತ್ತದೆ. ಇದು ದುರದೃಷ್ಟಕರ. ನಾಳೆ ಲೋಕಕ್ಕೆ ಏನಾಗುವುದೆಂಬ ಕುತೂಹಲಕ್ಕೆ ಒಬ್ಬ ಅನುಭಾವಿಯನ್ನು ಜ್ಯೋತಿಷಿಯ ಮಟ್ಟಕ್ಕೆ ಇಳಿಸಿದಂತಾಗುತ್ತದೆ. ದೇಹದ ಅನಿತ್ಯತೆ, ಗುರುವಿನ ಅಗತ್ಯ, ಕುಲದ ಹೆಮ್ಮೆಯ ಪೊಳ್ಳುತನ, ಒಳಗಿನ ನಾದ ಇವುಗಳನ್ನು ಕುರಿತ ಪದಗಳಲ್ಲಿ ತಾತಯ್ಯನವರ ನಿಜವಾದ ಸಂಪತ್ತು ಇದೆ. ಭವಿಷ್ಯ ತಿಳಿಯಲೆಂದು ಪುಸ್ತಕ ತೆರೆಯುವವನು ತನ್ನನ್ನು ಬಿಟ್ಟು ಮಿಕ್ಕವರ ಪಾಡನ್ನೆಲ್ಲ ಅದರಲ್ಲಿ ಹುಡುಕುತ್ತಾನೆ. ಪದಗಳನ್ನು ತೆರೆಯುವವನು ತನ್ನನ್ನೇ ಕಾಣುತ್ತಾನೆ. ಆದ್ದರಿಂದಲೇ ಅವುಗಳನ್ನು ತೆರೆಯುವವರು ಕಡಿಮೆ.

ತಾತಯ್ಯನವರ ಬಗ್ಗೆ ಒಂದು ಐತಿಹ್ಯವಿದೆ. ಗುರುಗಳು ಒಂದು ಬೆಣಚುಕಲ್ಲನ್ನು ಕೊಟ್ಟು, ಬಾಯಲ್ಲಿಟ್ಟುಕೊಂಡು ಜಪದಲ್ಲಿ ಕೂರಲು ಹೇಳಿದರಂತೆ. ಸಾಧನೆ ಫಲಿಸಿದ ದಿನ ಆ ಕಲ್ಲು ಕಲ್ಲುಸಕ್ಕರೆಯಾಯಿತಂತೆ. ಎರಡನೆಯ ಪುಸ್ತಕವನ್ನು ಓದಿ ಬಂದವನು ಇದಕ್ಕೆ ಸಾಕ್ಷ್ಯ ಕೇಳಿದರೆ ತಪ್ಪಿಲ್ಲ. ಮೊದಲನೆಯ ಪುಸ್ತಕವನ್ನು ಓದಿ ಬಂದವನು ಮಾತ್ರ ಅದರ ಅರ್ಥವನ್ನು ಬಲ್ಲ. ಅಲ್ಲಮನ ಒಂದು ವಚನವನ್ನು ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡವನಿಗೆ ಕಲ್ಲು ಯಾವಾಗ ಕರಗಲಾರಂಭಿಸಿತೆಂದು ತಿಳಿಯುವುದೇ ಇಲ್ಲ. ಒಂದು ಪುಸ್ತಕದ ಬೀಗಕ್ಕೆ ಇನ್ನೊಂದು ಪುಸ್ತಕದಲ್ಲಿ ಕೀಲಿ ಸಿಗುವುದು ಹೀಗೆ. ಬಗೆಬಗೆಯ ಓದಿನ ಪ್ರಯೋಜನವೂ ಇದೇ.

ನಾಲ್ಕನೆಯ ಜ್ವರ ಕಳೆದ ಮೇಲೆ ಹುಳುವಿನ ಹಸಿವು ಹೆಚ್ಚು. ಐದನೆಯ ಹಂತದಲ್ಲಿ ಅದು ತಿನ್ನುವಷ್ಟು ಸೊಪ್ಪನ್ನು ಹಿಂದಿನ ಹಂತಗಳೆಲ್ಲ ಸೇರಿದರೂ ತಿಂದಿರುವುದಿಲ್ಲ. ಓದುಗನು ಇಲ್ಲಿ ಮತ್ತೆ ಇಡಗೂರಿನವರ ಬಳಿಗೆ ಬರಬಹುದು. ವಚನಗಳ ಸಂಪಾದನೆಗೆ ಜೀವ ತೇದ ಎಲ್. ಬಸವರಾಜು ಅವರೇ ಅಶ್ವಘೋಷನ ‘ಬುದ್ಧಚರಿತೆ’, ‘ಸೌಂದರನಂದ’ ಕಾವ್ಯಗಳನ್ನು ಸಂಸ್ಕೃತದಿಂದ ಕನ್ನಡಕ್ಕೆ ತಂದರು. ಹಳಗನ್ನಡ ಬಾರದವರಿಗಾಗಿ ‘ಸರಳ ಪಂಪಭಾರತ’ವನ್ನು ಸಿದ್ಧಪಡಿಸಿದರು. ಜೈನಕವಿ ಪಂಪ, ಬೌದ್ಧಕವಿ ಅಶ್ವಘೋಷ, ಶರಣ ಅಲ್ಲಮ ಈ ಮೂವರೂ ಒಬ್ಬನೇ ಓದುಗನ ಮೇಜಿನ ಮೇಲೆ ಕೂಡಿದ್ದರು. 2009ರಲ್ಲಿ ಚಿತ್ರದುರ್ಗದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದದ್ದು ಇಂತಹ ವಿಶಾಲ ವಿದ್ವತ್ತಿಗೆ.

‘ಬುದ್ಧಚರಿತೆ’ಯ ಕಥೆಯಷ್ಟೇ ಅದು ಉಳಿದುಬಂದ ಬಗೆಯೂ ಚಿಂತನೀಯ. ಅಶ್ವಘೋಷನ ಸಂಸ್ಕೃತ ಮೂಲದ ಉತ್ತರಾರ್ಧ ಭಾರತದಲ್ಲಿ ಲುಪ್ತವಾಯಿತು. ಅದು ಉಳಿದದ್ದು ಟಿಬೆಟ್ ಮತ್ತು ಚೀನೀ ಭಾಷೆಗಳ ಅನುವಾದಗಳಲ್ಲಿ. ತನ್ನವರು ಕಾಪಾಡದ ಪುಸ್ತಕವನ್ನು ಪರರು ಓದಿ ಉಳಿಸಿದರು. ನಮ್ಮದು, ಪರರದು ಎಂಬ ಬೇಲಿಯನ್ನು ಪುಸ್ತಕಗಳ ಸುತ್ತ ಹಾಕುವವರು ಇದನ್ನು ನೆನಪಿನಲ್ಲಿಡಬೇಕು. ರಾಜಕುಮಾರನು ಅರಮನೆ ಬಿಡುವ ಪ್ರಸಂಗವನ್ನು ಓದುವಾಗ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ನೆನಪಾಗದೆ ಇರಳು. ಹಿಂದೆ ಉಳಿದ ಯಶೋಧರೆಯ ದುಃಖವನ್ನು ಓದುವಾಗ, ಹೊರಡುವವರ ವೈರಾಗ್ಯದ ಬೆಲೆಯನ್ನು ಮನೆಯಲ್ಲಿ ಉಳಿದವರೂ ತೆರುತ್ತಾರೆಂಬುದು ಮನಸ್ಸಿಗೆ ಬರುತ್ತದೆ. ಸಂಸಾರದಲ್ಲಿದ್ದೇ ಸಾಧನೆ ಮಾಡಿದ ಶರಣರ ಮಾರ್ಗದ ಬೆಲೆ ಈ ಹೋಲಿಕೆಯಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ಪರಗ್ರಂಥವನ್ನು ಓದಿದವನು ತನ್ನ ಗ್ರಂಥದಿಂದ ದೂರವಾಗುವನೆಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಹಾಗೆಯೇ ಭಕ್ತನಿಗೂ ಒಂದೇ ಗ್ರಂಥ ಸಾಲದೇ? ಈ ಮಾತಿನಲ್ಲಿ ಸತ್ಯಾಂಶವಿದೆ. ಸಿಕ್ಕಸಿಕ್ಕ ಗಿಡದ ಎಲೆಯನ್ನು ಮೆಲ್ಲುವ ಪ್ರಾಣಿ ರೇಷ್ಮೆ ಕೊಡುವುದಿಲ್ಲ. ನಿಷ್ಠೆಯಿಲ್ಲದ ಓದು ಕಾಲಹರಣ. ಆದರೆ ಓದಿನಲ್ಲಿ ಏಕನಿಷ್ಠೆಯೆಂದರೆ ಒಂದೇ ಪುಸ್ತಕವೆಂದಲ್ಲ, ಒಂದೇ ಹಸಿವು ಎಂದು. ತಾನು ಹೇಗೆ ಬಾಳಬೇಕೆಂಬ ಒಂದು ಹಸಿವಿನಿಂದ ಅಲ್ಲಮನನ್ನು ಓದಿದವನು ಅದೇ ಹಸಿವಿನಿಂದ ನರಸಿಂಹಯ್ಯನವರನ್ನೂ ವಿಶ್ವೇಶ್ವರಯ್ಯನವರನ್ನೂ ಓದಿದರೆ ಅವನು ಐದು ಪುಸ್ತಕಗಳನ್ನು ಓದಿದರೂ ತಿಂದದ್ದು ಒಂದೇ ಸೊಪ್ಪನ್ನು. ಆ ಹಸಿವಿಲ್ಲದವನು ಒಂದೇ ಗ್ರಂಥವನ್ನು ನೂರು ಸಲ ಪಾರಾಯಣ ಮಾಡಿದರೂ ಉಪವಾಸವೇ ಇದ್ದಾನೆ.

ಇಷ್ಟಾದರೂ ಓದಿನ ದೊಡ್ಡ ಅಪಾಯ ಇನ್ನೂ ಉಳಿದಿದೆ. ಅದನ್ನು ಅಕ್ಕಮಹಾದೇವಿ ರೇಷ್ಮೆಹುಳುವಿನ ದೃಷ್ಟಾಂತದಿಂದಲೇ ತೋರಿಸಿದ್ದಾಳೆ. ಹುಳು ತನ್ನೊಳಗಿನ ನೂಲಿನಿಂದಲೇ ಪ್ರೀತಿಯಿಂದ ಮನೆ ಕಟ್ಟಿಕೊಳ್ಳುತ್ತದೆ. ಆ ನೂಲೇ ಸುತ್ತಿಕೊಂಡು ಅದಕ್ಕೆ ಮೃತ್ಯುವಾಗುತ್ತದೆ. ಮನಸ್ಸಿನ ಬಯಕೆಗಳು ಹಾಗೆ ತನ್ನನ್ನು ಸುತ್ತಿ ಕೊಲ್ಲದಿರಲೆಂದು ಅವಳು ಚೆನ್ನಮಲ್ಲಿಕಾರ್ಜುನನಲ್ಲಿ ಮೊರೆಯಿಡುತ್ತಾಳೆ. ಶಿಡ್ಲಘಟ್ಟದಲ್ಲಿ ಇದು ಉಪಮೆಯಲ್ಲ, ದಿನನಿತ್ಯದ ಸಂಗತಿ. ಗೂಡು ಮಾರುಕಟ್ಟೆಗೆ ಹೋಗುತ್ತದೆ. ನೂಲು ಬಿಚ್ಚುವವರು ಅದನ್ನು ಬಿಸಿನೀರಿಗೆ ಹಾಕುತ್ತಾರೆ. ಒಳಗಿದ್ದ ಜೀವ ಚಿಟ್ಟೆಯಾಗಿ ಹಾರುವ ಮೊದಲೇ ಮುಗಿಯುತ್ತದೆ.

ವಿದ್ವಾಂಸರು ಅಕ್ಕನ ಈ ವಚನವನ್ನು ಆಸೆ, ಮೋಹಗಳಿಗೆ ಅನ್ವಯಿಸಿ ವಿವರಿಸುತ್ತಾರೆ. ಅದು ಯುಕ್ತವೇ. ಆದರೆ ಓದುವವನಿಗೆ ಹಣದ ಆಸೆಗಿಂತಲೂ ಸೂಕ್ಷ್ಮವಾದ ಇನ್ನೊಂದು ಆಸೆಯಿದೆ. ತನ್ನ ಅಭಿಪ್ರಾಯದ ಮೇಲಿನ ಮೋಹವೇ ಅದು. ಒಂದು ಪುಸ್ತಕ ಓದಿ ಮುಗಿಸಿದೊಡನೆ ಒಳ್ಳೆಯದು, ಕೆಟ್ಟದು ಎಂಬ ತೀರ್ಪು ಸಿದ್ಧವಾಗುತ್ತದೆ. ತೀರ್ಪು ಕೊಡುವುದು ತಪ್ಪಲ್ಲ. ಅಭಿಪ್ರಾಯವೇ ಇಲ್ಲದ ಓದು ಬೆನ್ನೆಲುಬಿಲ್ಲದ ದೇಹ. ಆದರೆ ಅಭಿಪ್ರಾಯವು ತನ್ನದೇ ನೂಲಿನಿಂದ ಕಟ್ಟಿದ ಗೂಡಾಗಿ, ಅದರೊಳಗೆ ಬೆಚ್ಚಗೆ ಕೂತು, ಹೊರಗಿನ ಬೆಳಕನ್ನು ಕಾಣದೆ ಹೋದಾಗ ಓದಿದ್ದೇ ಬಂಧನವಾಗುತ್ತದೆ. ಓದದವನ ಅಜ್ಞಾನವನ್ನು ಒಂದು ಒಳ್ಳೆಯ ಪುಸ್ತಕ ಕಳೆಯಬಲ್ಲದು. ಓದಿದವನ ಅಭಿಮಾನವನ್ನು ಕಳೆಯಲು ಯಾವ ಪುಸ್ತಕವಿದೆ?

ಈ ಗೂಡನ್ನು ಸೀಳುವ ಉಪಾಯವೂ ಶರಣರಲ್ಲಿಯೇ ಇದೆ. ಅನುಭವಮಂಟಪದ ಸಂವಾದಗಳನ್ನು ಕಟ್ಟಿಕೊಟ್ಟ ‘ಶೂನ್ಯಸಂಪಾದನೆ’ಯ ಸಂಕಲನಗಳಲ್ಲಿ ಸಾಧಕರೆಲ್ಲರೂ ತಾವು ಗಳಿಸಿದ ಅರಿವಿನ ಜೊತೆಗೇ ಅಲ್ಲಮನ ಎದುರು ಬಂದು ನಿಲ್ಲುತ್ತಾರೆ. ಅಲ್ಲಿ ಸಿದ್ಧರಾಮನ ಕಾಯಕವೂ ಪರೀಕ್ಷೆಗೊಳಗಾಗುತ್ತದೆ, ಅಕ್ಕನ ವೈರಾಗ್ಯವೂ ಪರೀಕ್ಷೆಗೊಳಗಾಗುತ್ತದೆ. ಒಂಟಿಯಾಗಿ ಕಟ್ಟಿಕೊಂಡ ತಿಳಿವಳಿಕೆ ಇನ್ನೊಬ್ಬರ ಪ್ರಶ್ನೆಗೆ ತೆರೆದುಕೊಂಡಾಗ ಮಾತ್ರ ಅನುಭಾವವಾಗುತ್ತದೆ. ಇಂದಿನ ಓದುಗನೂ ತಿಂಗಳ ಕೊನೆಗೆ ತನ್ನ ಅಭಿಪ್ರಾಯಗಳನ್ನು ನಾಲ್ಕು ಜನರ ಮುಂದಿಡಬೇಕು. ಮಠದ ಅಂಗಳದಲ್ಲಿ ಪುರಾಣ ಮಂಗಲವಾದ ಮರುದಿನ, ಓದಿದ ಪುಸ್ತಕಗಳನ್ನು ಹಿಡಿದು ಭಕ್ತರು ಒಂದು ಗಂಟೆ ಕೂಡಿ ಕುಳಿತರೆ ಸಾಕು. ವಿಶ್ವೇಶ್ವರಯ್ಯನವರ ಪುಸ್ತಕ ಒಣಗಿದ್ದೆಂದು ಒಬ್ಬನು ಹೇಳಿದಾಗ, ಕೆರೆಯ ನೀರಿಗಾಗಿ ಕಾದು ಬೆಳೆ ಒಣಗಿದ್ದನ್ನು ಕಂಡ ರೈತನೊಬ್ಬ ಆ ಮಾತನ್ನು ತಿದ್ದಬಹುದು. ಯಶೋಧರೆಯ ದುಃಖದ ಬಗ್ಗೆ ತಾಯಂದಿರು ಹೇಳುವ ಮಾತು ವಿದ್ವಾಂಸರ ಟೀಕೆಯಲ್ಲಿ ಇಲ್ಲದಿರಬಹುದು.

ಬಸವಜಯಂತಿಯ ಮೆರವಣಿಗೆಗಳಲ್ಲಿ ವಚನಗಳ ಕಟ್ಟುಗಳನ್ನು ತಲೆಯ ಮೇಲೆ ಹೊರುವ ಪದ್ಧತಿ ಅನೇಕ ಊರುಗಳಲ್ಲಿದೆ. ಅದು ಭಕ್ತಿಯ ದ್ಯೋತಕ. ಆದರೆ ತಲೆಯ ಮೇಲಿರುವಾಗ ಪುಸ್ತಕವನ್ನು ಓದಲಾಗುವುದಿಲ್ಲ. ಮೆರವಣಿಗೆ ಮುಗಿದ ಮೇಲೆ ಕಟ್ಟು ಕೆಳಗಿಳಿಯಬೇಕು, ಬಿಚ್ಚಿಕೊಳ್ಳಬೇಕು. ಅದರ ಪಕ್ಕದಲ್ಲಿ ನೆರೆಯೂರಿನವರ ಪುಸ್ತಕಗಳಿಗೂ ಒಂದಿಷ್ಟು ಜಾಗವಾಗಬೇಕು. ಬೆಳೆಗಾರನು ಎಲ್ಲ ಗೂಡುಗಳನ್ನೂ ಮಾರುಕಟ್ಟೆಗೆ ಕೊಟ್ಟರೂ, ಬಿತ್ತನೆಗೆಂದು ಬೆಳೆದ ಗೂಡುಗಳನ್ನು ಮಾತ್ರ ಯಾರೂ ಬಿಸಿನೀರಿಗೆ ಹಾಕುವುದಿಲ್ಲ. ಅವುಗಳಿಂದ ಚಿಟ್ಟೆ ಹೊರಬರುತ್ತದೆ, ಮೊಟ್ಟೆಯಿಡುತ್ತದೆ, ಮುಂದಿನ ಬೆಳೆ ಅದರಿಂದಲೇ ನಡೆಯುತ್ತದೆ. ಚಿಟ್ಟೆ ಹೊರಬಂದ ಗೂಡು ತೂತು ಬಿದ್ದಿರುತ್ತದೆ. ಅದರಿಂದ ಎಳೆ ತುಂಡಾಗದ ನೂಲನ್ನು ಬಿಚ್ಚಲಾಗುವುದಿಲ್ಲ, ಪೇಟೆಯಲ್ಲಿ ಅದಕ್ಕೆ ಬೆಲೆಯೂ ಕಡಿಮೆ. ಶ್ರಾವಣದಲ್ಲಿ ಓದಿದವನ ಅಭಿಪ್ರಾಯಗಳಲ್ಲಿ ಕೆಲವಾದರೂ ಹಾಗೆ ತೂತು ಬಿದ್ದು ಮುಂದಿನ ಓದಿಗೆ ಬೀಜವಾಗಿ ಉಳಿಯಲಿ.